ಮೂರು ಸಂಘಗಳು ಸೇರಿ ಕಾರ್ಯಕ್ರಮ ಮಾಡಿದೆವು, ಯಾರೂ ಯಾರ ಜೊತೆಗೂ ಬೆರೆಯಲಿಲ್ಲ. ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹೊರದೇಶಕ್ಕೆ ಬಂದು ಹನ್ನೊಂದು ವರ್ಷವಾಯಿತು. ಎರಡು ವರ್ಷದಿಂದ ನಮ್ಮ ಸಂಘದ ಕಾರ್ಯದರ್ಶಿಯಾಗಿದ್ದೇನೆ. ಇದೇ ಬಡಾವಣೆಯಲ್ಲಿ ಬೇರೆ ಎರಡು ದೇಶಗಳಿಂದ ಬಂದವರ ಸಂಘಗಳೂ ಇವೆ. ಮೂರೂ ಸಂಘಗಳು ಒಂದೇ ಸಭಾಂಗಣವನ್ನು ಬೇರೆ ಬೇರೆ ವಾರ ಬಾಡಿಗೆಗೆ ಹಿಡಿಯುತ್ತವೆ. ಬೀಗದ ಕೈ ಕೊಟ್ಟು ತೆಗೆದುಕೊಳ್ಳುವಾಗ ಒಂದು ನಗು, ಅಷ್ಟೇ ಪರಿಚಯ.

ಇದು ಸಾಲದು ಅನ್ನಿಸಿ, ಕಳೆದ ತಿಂಗಳು ಮೂವರೂ ಸೇರಿ ಒಂದು ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿದೆವು. ಮೊದಲು ನಮ್ಮ ಮಕ್ಕಳ ನೃತ್ಯ. ಅದು ಮುಗಿದದ್ದೇ ತಡ, ನಮ್ಮವರು ಮಕ್ಕಳನ್ನು ಕರೆದುಕೊಂಡು ಹೊರಟೇಬಿಟ್ಟರು. ಎರಡನೆಯ ಸಂಘದವರೂ ಹಾಗೇ ಮಾಡಿದರು. ಕೊನೆಯಲ್ಲಿ ಒಬ್ಬ ಅಜ್ಜಿ ಹಾಡಲು ನಿಂತಾಗ ಎದುರಿಗಿದ್ದದ್ದು ಬರೀ ಖಾಲಿ ಕುರ್ಚಿಗಳು. ಅವರು ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಪೂರ್ತಿ ಹಾಡಿದರು. ಆ ಒಂದು ಕ್ಷಣ ನನಗೆ ಮರೆಯಲಾಗುತ್ತಿಲ್ಲ.

ಇಂಥ ಕೆಲಸ ಮಾಡಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ಹೇಳಿ. ಮುಂದಿನ ವರ್ಷ ಐಟಂಗಳ ಕ್ರಮ ಬದಲಾಯಿಸಿದರೆ ಸಾಕೇ?

ಉತ್ತರ 1

ಸಾಲದು ಮೇಡಂ. ನಾನು ಇಪ್ಪತ್ತೆರಡು ವರ್ಷ ಇದೇ ಕೆಲಸದಲ್ಲಿದ್ದು ಈಗ ಬಿಟ್ಟಿದ್ದೇನೆ. ಮೊದಲ ನಾಲ್ಕು ವರ್ಷ ನಾವೂ ಐಟಂಗಳ ಕ್ರಮವನ್ನೇ ತಿದ್ದುತ್ತಾ ಕೂತಿದ್ದೆವು. ಪರದೆ ಬದಲಾಯಿಸಿದೆವು, ನಿರೂಪಕರನ್ನು ಬದಲಾಯಿಸಿದೆವು. ಜನ ಮಾತ್ರ ತಮ್ಮ ಮಕ್ಕಳ ಫೋಟೊ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು.

ನಮ್ಮನ್ನು ಒಂದು ಮಾಡಿದ್ದು ರಾತ್ರಿ ಹನ್ನೊಂದರ ಬಸ್ಸು. ಅದನ್ನು ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂತು. ಆ ಬಸ್ಸಿನಲ್ಲಿ ಓಡಾಡುತ್ತಿದ್ದವರು ಹೆಚ್ಚಾಗಿ ಕಚೇರಿಗಳನ್ನು ಗುಡಿಸಿ ಒರೆಸುವ ಹೆಂಗಸರು, ನಮ್ಮಲ್ಲಿದ್ದ ಮೂರೂ ಸಮುದಾಯದವರು. ಮನವಿಯನ್ನು ನಾಲ್ಕು ಭಾಷೆಯಲ್ಲಿ ಬರೆದು, ಏಳು ವಾರ ಅದೇ ನಿಲ್ದಾಣದಲ್ಲಿ ನಿಂತು ಸಹಿ ಹಾಕಿಸಿದೆವು. ಬಸ್ಸು ತಡವಾದ ರಾತ್ರಿಗಳಲ್ಲಿ ಯಾರೋ ಒಬ್ಬರು ಗುನುಗುತ್ತಿದ್ದರು. ಪಕ್ಕದವರು ‘ಅದರ ಅರ್ಥ ಏನು?’ ಅಂತ ಕೇಳುತ್ತಿದ್ದರು. ನಾಲ್ಕು ವರ್ಷ ವೇದಿಕೆ ಕಟ್ಟಿ ಹುಡುಕಿದ್ದು ನಮಗೆ ಸಿಕ್ಕಿದ್ದು ಅಲ್ಲಿ.

ಇದು ನಮ್ಮೊಬ್ಬರ ಅನುಭವವಲ್ಲ. ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟಗಳ ಮಾಲೀಕರು ಫಿಲಿಪಿನೊ ಕೂಲಿಗಳು ಮುಷ್ಕರ ಹೂಡಿದರೆ ಮೆಕ್ಸಿಕನ್ ಕೂಲಿಗಳನ್ನು ತರುತ್ತಿದ್ದರು, ಇವರು ಹೂಡಿದರೆ ಅವರನ್ನು. 1965ರ ಸೆಪ್ಟೆಂಬರ್ 8ರಂದು ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದಲ್ಲಿ ಫಿಲಿಪಿನೊಗಳು ಕೆಲಸ ನಿಲ್ಲಿಸಿದರು. ಇಟ್ಲಿಯಾಂಗ್ ಸೀದಾ ಮೆಕ್ಸಿಕನ್ ಕೂಲಿಗಳ ಸಂಘದ ಮುಂದಾಳು ಸೀಸರ್ ಚಾವೆಜ್ ಬಳಿ ಹೋಗಿ ಜೊತೆಗೆ ಬನ್ನಿ ಎಂದು ಕೇಳಿದರು. ತಮ್ಮ ಸಂಘ ಇನ್ನೂ ಅಷ್ಟು ಗಟ್ಟಿಯಾಗಿಲ್ಲ ಎಂಬ ಅಳುಕು ಚಾವೆಜ್‌ಗಿತ್ತು. ಆದರೂ ಸೆಪ್ಟೆಂಬರ್ 16ರಂದು ಮೆಕ್ಸಿಕನ್ನರು ಸಭೆ ಸೇರಿ ಒಪ್ಪಿದರು. ಫಿಲಿಪಿನೊಗಳ ಸಭಾಂಗಣವೇ ಇಬ್ಬರಿಗೂ ಊಟದ ಮನೆಯಾಯಿತು. ಐದು ವರ್ಷ ಹೋರಾಡಿ 1970ರಲ್ಲಿ ಗೆದ್ದರು.

ಇದರ ಮುಂದಿನ ಭಾಗವನ್ನೂ ಹೇಳಲೇಬೇಕು. ಎರಡು ಸಂಘಗಳು 1966ರಲ್ಲಿ ಒಂದಾದಾಗ ಫಿಲಿಪಿನೊಗಳ ಸಂಖ್ಯೆ ಕಡಿಮೆಯಿತ್ತು. ತೀರ್ಮಾನಗಳಲ್ಲಿ ತಮ್ಮವರ ಮಾತಿಗೆ ಬೆಲೆಯಿಲ್ಲ ಎಂಬ ನೋವಿನಲ್ಲಿ ಇಟ್ಲಿಯಾಂಗ್ 1971ರಲ್ಲಿ ಹೊರಬಂದರು. ಮುಷ್ಕರಕ್ಕೆ ಮೊದಲ ಹೆಜ್ಜೆ ಇಟ್ಟವರೇ ಅವರು. ಹಾಗಾಗಿ ನಿಮ್ಮ ಮೂರರಲ್ಲಿ ಅತಿ ಚಿಕ್ಕ ಸಂಘ ಯಾವುದು ಅಂತ ನೋಡಿಕೊಳ್ಳಿ. ತಲೆ ಎಣಿಸಿ ಮತ ಹಾಕಬೇಡಿ, ಸಂಘಕ್ಕೊಂದು ಮತ ಇರಲಿ. ಅಧ್ಯಕ್ಷತೆ ಸರದಿಯ ಮೇಲೆ ಬರಲಿ. ಜಂಟಿ ಖಾತೆಗೆ ಮೂರೂ ಸಂಘದವರ ಸಹಿ ಬೇಕು.

ಭಾಷೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. ನಮ್ಮಲ್ಲಿ ಸಭೆ ಮುಗಿದ ಮೇಲೆ ಎರಡು ಮಾತಲ್ಲಿ ಸಾರಾಂಶ ಹೇಳುತ್ತಿದ್ದೆವು. ಅಷ್ಟು ಹೊತ್ತಿಗೆ ತೀರ್ಮಾನವಾಗಿಬಿಟ್ಟಿರುತ್ತಿತ್ತು. ಆಮೇಲೆ ಒಂದೊಂದು ಮಾತಿಗೂ ನಿಲ್ಲಿಸಿ ಅನುವಾದ ಮಾಡತೊಡಗಿದೆವು. ಒಂದು ಗಂಟೆಯ ಸಭೆ ಎರಡು ಗಂಟೆಯಾಯಿತು, ಕೆಲವರಿಗೆ ಬೇಸರವೂ ಆಯಿತು. ಆದರೆ ಮೂರು ವರ್ಷ ಬಾಯಿ ಬಿಡದ ಒಬ್ಬರು ಅವತ್ತು ಮೊದಲ ಸಲ ‘ಇದಕ್ಕೆ ನನ್ನ ಒಪ್ಪಿಗೆಯಿಲ್ಲ’ ಎಂದರು. ನನಗಾದ ಸಂತೋಷ ಹೇಳತೀರದು.

ಉತ್ತರ 2

ಮೇಲಿನ ಸರ್ ಹೇಳಿದ್ದಕ್ಕೆ ನನ್ನದೂ ಸಹಮತ. ಆದರೆ ಹಾಡು ಕುಣಿತ ಆಮೇಲೆ ತಾನಾಗಿ ಬರುತ್ತದೆ ಅಂತ ಪಕ್ಕಕ್ಕಿಡಬೇಡಿ ಮೇಡಂ.

ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ 1958ರಲ್ಲಿ ಕೆರಿಬಿಯನ್ ವಲಸಿಗರ ಮೇಲೆ ಬಿಳಿಯರ ಗುಂಪುಗಳು ದಾಳಿ ಮಾಡಿದವು. ಟ್ರಿನಿಡಾಡ್‌ನಲ್ಲಿ ಹುಟ್ಟಿ, ಅಮೆರಿಕದಿಂದ ಗಡೀಪಾರಾಗಿ ಲಂಡನ್ ಸೇರಿದ್ದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಅದಕ್ಕೆ ಉತ್ತರವಾಗಿ ಏರ್ಪಡಿಸಿದ್ದು ಕಾರ್ನಿವಲ್, ಅಂದರೆ ಕೆರಿಬಿಯನ್ನರ ಹಾಡು ಕುಣಿತದ ಹಬ್ಬ. 1959ರ ಜನವರಿಯ ಚಳಿಯಲ್ಲಿ, ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್ ಒಳಗೆ ಅದು ನಡೆಯಿತು. ಅವತ್ತು ಮಾರಿದ ಸ್ಮರಣ ಸಂಚಿಕೆಯ ಹಣದ ಒಂದು ಪಾಲು ಆ ಗಲಭೆಯಲ್ಲಿ ದಂಡ ಬಿದ್ದ ಯುವಕರಿಗೆಂದು ಇಟ್ಟದ್ದು. ಕಪ್ಪು ಯುವಕರಿಗೆ ಮಾತ್ರವಲ್ಲ, ಬಿಳಿಯರಿಗೂ. ಇದನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

1966ರಲ್ಲಿ ಅದೇ ಪ್ರದೇಶದಲ್ಲಿ ರೋನ್ ಲಾಸ್ಲೆಟ್ ಎಂಬ ಸಂಘಟಕಿ ಅಲ್ಲಿನ ನಾನಾ ದೇಶದವರನ್ನು ಸೇರಿಸಿ ಬೀದಿ ಹಬ್ಬ ಮಾಡಿದರು. ರಸೆಲ್ ಹೆಂಡರ್ಸನ್ ಅವರ ಸ್ಟೀಲ್ ಬ್ಯಾಂಡ್ (ಉಕ್ಕಿನ ಡ್ರಮ್‌ಗಳ ವಾದ್ಯತಂಡ) ನುಡಿಸುತ್ತಾ ಬೀದಿಯಲ್ಲಿ ನಡೆಯತೊಡಗಿತು, ಜನ ಹಿಂದೆ ಹೊರಟರು. ಮೆರವಣಿಗೆಯಲ್ಲಿ ಕುರ್ಚಿಗಳಿಲ್ಲ, ಎದ್ದು ಹೋಗುವ ಪ್ರೇಕ್ಷಕರೂ ಇಲ್ಲ. ನಿಮ್ಮ ಸಭಾಂಗಣದಲ್ಲೂ ಕುರ್ಚಿ ಸಾಲು ತೆಗೆದುಬಿಡಿ. ಆ ಅಜ್ಜಿಯ ಒಂದು ಹಾಡನ್ನು ಮೂರೂ ಕಡೆಯ ಮಕ್ಕಳಿಗೆ ಕಲಿಸಿ. ಮಗು ಹಾಡುವಾಗ ಅಪ್ಪ ಅಮ್ಮ ಎದ್ದು ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬು ಹೃದಯದ ಧನ್ಯವಾದ. ನಿನ್ನೆ ಬೀಗದ ಕೈ ಕೊಡುವಾಗ ಹೊರಡದೆ ನಿಂತು, ‘ನಿಮ್ಮವರಿಗೆ ಈಗ ಇರುವ ದೊಡ್ಡ ಕಷ್ಟ ಏನು?’ ಎಂದು ಬೀಗದ ಕೈ ಪಡೆದ ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ಹಿರಿಯರಿಗೆ ಸರ್ಕಾರದಿಂದ, ಆಸ್ಪತ್ರೆಯಿಂದ ಬರುವ ಪತ್ರಗಳನ್ನು ಓದಲಾಗುವುದಿಲ್ಲ ಎಂದರು. ನಮ್ಮ ಹಿರಿಯರ ಪಾಡೂ ಅದೇ. ತಿಂಗಳಿಗೆರಡು ಶನಿವಾರ ಪತ್ರ ಓದಿ ಹೇಳಲು ಒಟ್ಟಿಗೆ ಕೂರೋಣ ಎಂದುಕೊಂಡಿದ್ದೇವೆ. ಒಂದೇ ಗೊಂದಲ. ಯಾರ ಪತ್ರವನ್ನು ಯಾರು ಓದಬೇಕು? ಅವರವರ ಭಾಷೆಯವರೇ ಓದಿದರೆ ಮತ್ತೆ ಮೂರು ಮೂಲೆಯಾಗುತ್ತೇವೆ.

ಉತ್ತರ 1

ಹಿರಿಯರನ್ನೇ ಕೇಳಿ ಮೇಡಂ, ಯಾರ ಹತ್ತಿರ ಕೂರುತ್ತೀರಿ ಅಂತ. ನಮ್ಮಲ್ಲಿ ಆದದ್ದು ನಾವು ಎಣಿಸದ ಸಂಗತಿ. ಕಾಯಿಲೆಯ ಪತ್ರ, ಸಾಲದ ಪತ್ರ ಇದ್ದವರು ತಮ್ಮವರ ಮೇಜು ದಾಟಿ ಬೇರೆಯವರ ಹತ್ತಿರ ಹೋಗಿ ಕೂತರು. ತಮ್ಮವರಿಗೆ ಗೊತ್ತಾದರೆ ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ ಎಂಬ ಭಯ. ಅರ್ಧ ಭಾಷೆ, ಅರ್ಧ ಕೈಸನ್ನೆಯಲ್ಲೇ ಎಲ್ಲಾ ಹೇಳಿಕೊಳ್ಳುತ್ತಿದ್ದರು. ಮೇಜುಗಳ ನಡುವೆ ಸಾಕಷ್ಟು ಜಾಗ ಬಿಡಿ, ಒಬ್ಬರದು ಇನ್ನೊಬ್ಬರಿಗೆ ಕೇಳಿಸಬಾರದು.