ನಾಲ್ಕು ನಿಯೋ, ಆರಿಂಚಿನ ಚಕ್ರ: 10.71 ಸಾಕೋ, 8.45ಕ್ಕೆ ಹೋಗಬೇಕೋ?

ಬುಗುರಿ
ಎಫ್‌ಆರ್‌ಸಿಗೆ (ಫಸ್ಟ್ ರೊಬೊಟಿಕ್ಸ್ ಸ್ಪರ್ಧೆ) ಹೈಸ್ಕೂಲ್ ಮಕ್ಕಳು ಕಟ್ಟುತ್ತಿರುವ ರೋಬೋ. ಕಿಟ್ ಚಾಸಿ, ಆರೂ ಚಕ್ರಕ್ಕೆ ಬೆಲ್ಟ್, ಒಂದೊಂದು ಪಕ್ಕಕ್ಕೆ ಎರಡು ನಿಯೋ ಮೋಟರ್. ಬಂಪರ್, ಬ್ಯಾಟರಿ ಸೇರಿ 68 ಕೆ.ಜಿ. ಕೈಯಲ್ಲಿರುವುದು ಟಫ್‌ಬಾಕ್ಸ್ ಮಿನಿ ಗೇರ್‌ಬಾಕ್ಸ್, 10.71:1; ಅಂದರೆ ಮೋಟರ್ 10.71 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಓಡಿಸುವ ಹುಡುಗರಿಗೆ 8.45 ಬೇಕಂತೆ, ಎರಡು ಗೇರಿನ ಶಿಫ್ಟರ್ ಹಾಕಿ ಅನ್ನುವವರೂ ಇದ್ದಾರೆ. ಯಾವುದು ಸರಿ?

ಹಲ್ಲುಗಾಲಿ
ನಿಯೋದ ಫ್ರೀ ಸ್ಪೀಡ್ (ಹೊರೆಯಿಲ್ಲದೆ ತಿರುಗುವ ವೇಗ) 5676 ಆರ್‌ಪಿಎಂ. ನಿಮ್ಮ ಚಕ್ರಕ್ಕೆ 10.71ರಲ್ಲಿ ಸೆಕೆಂಡಿಗೆ 4.2 ಮೀಟರ್, 8.45ರಲ್ಲಿ 5.4. ಇದು ಕಾಗದದ ವೇಗ. ನೆಲದ ಮೇಲೆ ಶೇ. 80 ಸಿಕ್ಕರೆ ಪುಣ್ಯ.

ಇನ್ನು ತಳ್ಳಾಟ. ಕಾರ್ಪೆಟ್ ಮೇಲೆ ಘರ್ಷಣಾಂಕ 1.1, ಗೇರ್‌ಬಾಕ್ಸ್ ದಕ್ಷತೆ ಶೇ. 90 ಎಂದು ಹಿಡಿಯಿರಿ. ಚಕ್ರ ಜಾರುವ ಹೊತ್ತಿಗೆ ಒಂದೊಂದು ಮೋಟರ್ 10.71ರಲ್ಲಿ ಸುಮಾರು 60 ಆಂಪಿಯರ್, 8.45ರಲ್ಲಿ 76 ಎಳೆಯುತ್ತದೆ. 8.45ರಲ್ಲಿ ನಾಲ್ಕಕ್ಕೂ ಸೇರಿ 300 ದಾಟಿತು. ಮೇನ್ ಬ್ರೇಕರ್ 120 ಆಂಪಿಯರಿನದು. 10.71 ಬಿಡಬೇಡಿ.

ಸುರುಳಿ
ತೀರ್ಮಾನ ಒಪ್ಪಿದೆ, ಕಾರಣ ಒಪ್ಪುವುದಿಲ್ಲ. ಆ 60, 76 ಮೋಟರಿನ ಕರೆಂಟ್, ಬ್ಯಾಟರಿಯದಲ್ಲ. ನಿಯೋದ ಸ್ಟಾಲ್ ಕರೆಂಟ್ (ತಿರುಗದೆ ಸಿಕ್ಕಿಕೊಂಡಾಗ ಎಳೆಯುವುದು) 105. ಮೋಟರ್ ಕಂಟ್ರೋಲರ್ ಸ್ಪಾರ್ಕ್ ಮ್ಯಾಕ್ಸ್‌ನಲ್ಲಿ ಕರೆಂಟ್ ಲಿಮಿಟ್ 60ಕ್ಕೆ ಇಟ್ಟು ಎದುರಾಳಿಗೆ ಒತ್ತಿ ನಿಂತರೆ ಡ್ಯೂಟಿ (ಮೋಟರಿಗೆ ವೋಲ್ಟೇಜ್ ಕೊಡುವ ಹೊತ್ತಿನ ಪಾಲು) ಶೇ. 57ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಹೋಗುವುದು ಮೋಟರಿಗೆ 34, ಒಟ್ಟು 137. ಅಷ್ಟನ್ನು ಬ್ರೇಕರ್ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ. ಅದೇ ಲಿಮಿಟ್‌ನಲ್ಲಿ 8.45 ಹಾಕಿದರೂ ಕರೆಂಟ್ ಅಷ್ಟೇ. ತಳ್ಳುವ ಬಲ ಮಾತ್ರ ಐದರಲ್ಲೊಂದು ಪಾಲು ಕಮ್ಮಿ.

ಬ್ರೌನ್‌ಔಟ್ ಕಾಡುವುದು ವೇಗ ಹಿಡಿಯುವಾಗ. ಡ್ಯೂಟಿ 100 ಮುಟ್ಟಿದಾಗ ಮೋಟರಿನ 60 ಪೂರ್ತಿ ಬ್ಯಾಟರಿಯ ಮೇಲೆ ಬೀಳುತ್ತದೆ: 240. ಹಳೇ ಬ್ಯಾಟರಿಯಾದರೆ ವೋಲ್ಟೇಜ್ ಕುಸಿದು, 6.3ಕ್ಕಿಂತ ಕೆಳಗಿಳಿದರೆ ರೋಬೋದ ಮುಖ್ಯ ಕಂಪ್ಯೂಟರ್ ರೋಬೋರಿಯೋದ ಮೊದಲ ಆವೃತ್ತಿ ಮೋಟರ್ ಔಟ್‌ಪುಟ್ ನಿಲ್ಲಿಸುತ್ತದೆ. ಲಿಮಿಟ್ 45, ರ್‍ಯಾಂಪ್ (ಔಟ್‌ಪುಟ್ ಪೂರ್ತಿ ಏರಲು ತೆಗೆದುಕೊಳ್ಳುವ ಹೊತ್ತು) 0.25 ಸೆಕೆಂಡ್ ಇಟ್ಟು ಶುರುಮಾಡಿ, ಲಾಗ್ ನೋಡಿ ಏರಿಸಿ.

ಹಲ್ಲುಗಾಲಿ
ಹೌದು, ಆ ಸಾಲು ತಪ್ಪು. ಮೋಟರಿನದನ್ನು ಬ್ಯಾಟರಿಯ ಖಾತೆಗೆ ಬರೆದುಬಿಟ್ಟೆ.

ಕೀಲೆಣ್ಣೆ
ಶಿಫ್ಟರ್ ಬೇಡ. ಗಾಳಿಯಿಂದ ಗೇರ್ ಬದಲಿಸುವಂಥದ್ದಾದರೆ ಕಂಪ್ರೆಸರ್, ಟ್ಯಾಂಕ್, ವಾಲ್ವ್ ಎಲ್ಲ ಹೊರಬೇಕು. ಕಂಪ್ರೆಸರೂ ಅದೇ ಬ್ಯಾಟರಿಯನ್ನೇ ಹೀರುತ್ತದೆ.

ಹುಡುಗರು ಪಟ್ಟು ಬಿಡದಿದ್ದರೆ ಇಡೀ ಗೇರ್‌ಬಾಕ್ಸ್ ಕೊಳ್ಳಬೇಡಿ. ಮೊದಲ ಹಂತ ಎರಡಕ್ಕೂ 14/50 ಹಲ್ಲು. ಎರಡನೆಯದು 16/48 ಆದರೆ 10.71, 19/45 ಆದರೆ 8.45. ಯಾವ ಜೋಡಿಯ ಹಲ್ಲು ಕೂಡಿದರೂ 64, ಹಾಗಾಗಿ ಅದೇ ಪ್ಲೇಟಿನಲ್ಲಿ ಕೂರುತ್ತದೆ. ಎರಡು ಜೋಡಿ ಗೇರ್ ತರಿಸಿ, ಎರಡೂ ಪಕ್ಕ ಒಟ್ಟಿಗೇ ಬದಲಿಸಿ.

ಜೋಡಿಸುವಾಗ ಮೋಟರ್ ಶಾಫ್ಟಿಗೆ ಕೂರುವ ಪುಟ್ಟ ಗೇರ್ ಪಿನಿಯನ್‌ನ 2 ಮಿ.ಮೀ. ಕೀ ಜಾರಿ ಬೀಳುತ್ತದೆ. ಗ್ರೀಸ್ ಹಚ್ಚಿ ಕೂರಿಸಿ, ರಿಟೇನಿಂಗ್ ರಿಂಗ್ ಪೂರ್ತಿ ಕಚ್ಚಿದೆಯೇ ನೋಡಿ. ಉದ್ದದ ಸ್ಕ್ರೂ ಹಾಕಿದರೆ ನಿಯೋದ ಒಳಗೇ ತಾಗೀತು. ಆಮೇಲೆ ರೋಬೋವನ್ನು ಸ್ಟ್ಯಾಂಡ್ ಮೇಲಿಟ್ಟು ಒಂದೊಂದೇ ಮೋಟರ್ ತಿರುಗಿಸಿ. ಒಂದೇ ಗೇರ್‌ಬಾಕ್ಸಿನ ಎರಡು ಮೋಟರ್ ಎದುರುಬದುರಾಗಿ ಎಳೆದರೆ ಚಕ್ರ ಅಲುಗುವುದಿಲ್ಲ, ಮೋಟರಿನೊಳಗಿನ ತಂತಿ ಸುರುಳಿ ಮಾತ್ರ ಸುಡುತ್ತದೆ.