ನಾಲ್ಕು ಜನ ಸೇರಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಮೆಷಿನ್) ಹಾಕಿದವರು ಇದ್ದೀರಾ? ಅನುಭವ ಹೇಳಿ

ನೀರ್ಚಾಲಿನಿಂದ: ನಾವು ನಾಲ್ವರು, ಇಬ್ರು ಮರದ ಕೆಲಸ, ಒಬ್ಬ ವೆಲ್ಡಿಂಗ್, ನಾನು ಡಿಸೈನ್. ಎಂಟಡಿ-ನಾಲ್ಕಡಿ ಬೆಡ್‌ನದ್ದು ನಾವೇ ಕಟ್ಟುವಾ ಅಂತ ಉಂಟು, ಬಾಗಿಲು, ಜಾಲಿ ಕೆಲಸಕ್ಕೆ. ಬಜೆಟ್ ಎರಡೂವರೆ ಲಕ್ಷ. ಶೆಡ್ಡಲ್ಲಿ ಸಿಂಗಲ್ ಫೇಸ್. ಆಗ್ತದಾ?

ಮುಳ್ಳೇರಿಯಾ: ನಾವು ಕಟ್ಟಿದ್ದೇವೆ, ಇವತ್ತಿಗೂ ಓಡ್ತಾ ಉಂಟು. ಫ್ರೇಮ್ ವೆಲ್ಡ್ ಆದ ಮೇಲೆ ಎಳೀತದೆ, ರೈಲ್ ಕೂರುವ ಜಾಗ ಮಿಲ್ಲಿಂಗ್ ಮಾಡಿಸ್ಲಿಕ್ಕೆ ಮಂಗಳೂರಿಗೆ ಹೊತ್ತದ್ದು, ಪಿಕಪ್ ಬಾಡಿಗೆ 4,500, ಮಿಲ್ಲಿಂಗ್ 18,000, ಕ್ರೇನಿನವನಿಗೆ ಬೇರೆ. 2.2 ಕಿಲೋವ್ಯಾಟ್ ವಾಟರ್ ಕೂಲ್ಡ್ ಸ್ಪಿಂಡಲ್, ಅಂದ್ರೆ ಕೊರೆಯುವ ಬಿಟ್ ತಿರುಗಿಸುವ ಮೋಟಾರು, ಅದರ ಸ್ಪೀಡ್ ಹಿಡಿಯುವ ವಿಎಫ್‌ಡಿ ಸೇರಿ 27,500. ಬಂದ ವಾರದಲ್ಲೇ ಸುಟ್ಟಿತು. ಸೆಟ್ ಮಾಡಿ ಕೊಡ್ತೇನೆ ಅಂದ ಮಾರಾಟದವ ವಿಎಫ್‌ಡಿಯ ಬೇಸ್ ಫ್ರೀಕ್ವೆನ್ಸಿ (ಫುಲ್ ವೋಲ್ಟೇಜ್ ಕೊಡುವ ಹರ್ಟ್ಸ್) 50ರಲ್ಲೇ ಬಿಟ್ಟಿದ್ದ. 24,000 ಆರ್‌ಪಿಎಂಗೆ 400 ಹರ್ಟ್ಸ್ ಬೇಕಾದ ಸಾಮಾನು, 50ಕ್ಕೇ ಫುಲ್ ವೋಲ್ಟೇಜ್ ತಿಂದ್ರೆ ವೈಂಡಿಂಗ್ ಉಳೀತದಾ ಮಾರಾಯ್ರೆ? ವಾರಂಟಿ ಕೇಳಿದ್ರೆ ಫೋನೇ ತೆಗಿಯುದಿಲ್ಲ.

ಉಪ್ಪಳ: ಅದಕ್ಕೇ ಹೇಳುದು ಕಟ್ಲಿಕ್ಕೆ ಹೋಗ್ಬೇಡಿ ಅಂತ. ನಾವು ರೆಡಿ ತಗೊಂಡದ್ದು, 4,85,000, ಮೇಲೆ ಜಿಎಸ್‌ಟಿ, ಇಳಿಸುವಾಗ ಲೋಡಿಂಗಿನವರ ಚರ್ಚೆ ಬೇರೆ. ಆದ್ರೆ ಮರುದಿನವೇ ಬಾಗಿಲು ಕೊರ್ದಿದ್ದೇವೆ. ನಿಮ್ಮ ಹಾಗೆ ಆರು ತಿಂಗಳು ಸ್ಪಾನರ್ ಹಿಡ್ಕೊಂಡು ಕೂತಿಲ್ಲ.

ಮುಳ್ಳೇರಿಯಾ: ಹೌದೌದು, ಕಂಟ್ರೋಲರ್ ಹೋದಾಗ ಟೆಕ್ನಿಶಿಯನ್ ಕೊಯಮತ್ತೂರಿಂದ ಬರುವ ವರೆಗೆ ಯಾರು ಕೂತದ್ದು ಅಂತ ಸ್ವಲ್ಪ ಹೇಳಿ.

ಪೆರ್ಲ: ಕಟ್ಟುದು, ತರುದು ಎರಡೂ ಸುಲಭ. ಕಷ್ಟ ಇರುದು ಸೇರಿ ನಡೆಸುದು. ನಮ್ಮಲ್ಲಿ ಮೆಷಿನ್ ಬಾಡಿಗೆ ಗಂಟೆಗೆ 350 ಅಂತ ಪುಸ್ತಕದಲ್ಲಿ ಬರಿಯುದು, ಬಿಟ್ ಅವರವರದ್ದು. ಒಬ್ಬ ಹಳೇ ಮನೆಯ ಹಲಸಿನ ಹಲಗೆ ತಂದ, ಒಳಗೆ ಆಣಿ. ಕಾರ್ಬೈಡ್ ಬಿಟ್ ತುಂಡು, ಬಿಟ್ ಹಿಡಿಯುವ ಕೊಲೆಟ್ ಹಾಳು, ಬೇರಿಂಗ್ ಶಬ್ದ ಶುರು. ಬೇರಿಂಗಿನ 6,200 ಯಾರು ಕೊಡುದು? ಅದು ಸವಕಳಿ ಅಂತೆ! ಮಳೆಗಾಲದಲ್ಲಿ ಕೇಳ್ಬೇಡಿ. ಎಣ್ಣೆ ಹಾಕದೆ ಬಿಟ್ರೆ ರೈಲಿಗೆ ತುಕ್ಕು, ಕೊರೆಯುವ ಮರದ ಅಡಿಗೆ ಹಾಸುವ ಸ್ಪಾಯಿಲ್ ಬೋರ್ಡ್ ಎಂಡಿಎಫ್ ಉಬ್ಬಿ ಒಂದು ಬದಿ ಆಳ ಒಂದು ಬದಿ ಮೇಲೆ. ಅದನ್ನು ಮತ್ತೆ ಸವರಿ ಲೆವೆಲ್ ಮಾಡಿದ ಗಂಟೆಗಳ ಬಾಡಿಗೆ ಯಾರ ಲೆಕ್ಕಕ್ಕೆ ಅಂತ ಅದಕ್ಕೂ ಜಗಳ.

ಮಂಜೇಶ್ವರ: ನಾನು ಉಳಿ ಹಿಡಿಯುವವ. ತುಳುನಾಡಿನ ಬಾಗಿಲಿನ ಹೂ ಬಳ್ಳಿ ಮೆಷಿನಿಂದ ಬರ್ತದಾ? ಮೂರು ಆಕ್ಸಿಸ್ ಮೆಷಿನ್ ಉದ್ದ, ಅಗಲ ಹೋಗಿ ಮೇಲಿಂದ ಇಳಿಯುದು ಅಷ್ಟೆ, ಎಲೆಯ ಅಡಿಗೆ ಹೋಗ್ಲಿಕ್ಕೆ ಆಗುದಿಲ್ಲ. ಚೌಕದ ಒಳಮೂಲೆ ಕೂಡ ಗುಂಡಗೆ ಉಳೀತದೆ, ಕಡೆಗೆ ಉಳಿಯೇ ಬೇಕು.

ಉಪ್ಪಳ: ನಿಮ್ಮ ರೇಟಿಗೆ ಗಿರಾಕಿ ಉಂಟಾ ಅದು ಹೇಳಿ ಮೊದಲು.

ಮಂಜೇಶ್ವರ: ಇದ್ದಾರೆ. ನಿಮ್ಮ ಬಾಗಿಲನ್ನೇ ಸ್ಯಾಂಡ್ ಪೇಪರ್ ಹಾಕಿ ಸರಿ ಮಾಡಿ ಕೊಡಿ ಅಂತ ಬಂದವರು ಇಬ್ರು.

ಮುಳ್ಳೇರಿಯಾ: ಪೆರ್ಲದವ್ರೆ, ಅಂಚಿಗೆ ಬಂದಾಗ ಮೆಷಿನ್ ನಿಲ್ಲಿಸುವ ಲಿಮಿಟ್ ಸ್ವಿಚ್ಚಿನ ವೈರು ಮೋಟಾರ್ ಕೇಬಲ್ ಒಟ್ಟಿಗೆ ಒಂದೇ ಕೇಬಲ್ ಚೈನಲ್ಲಿ ಹಾಕಿದ್ದು ನೀವೇ ಅಲ್ವಾ? ವಿಎಫ್‌ಡಿಯ ಕರೆಂಟ್ ನಾಯ್ಸಿಗೆ ಸ್ವಿಚ್ ಒತ್ತಿದ ಹಾಗೆ ಆಗಿ ಮೆಷಿನ್ ಅರ್ಧ ಬಾಗಿಲಲ್ಲಿ ನಿಂತು ನನ್ನ ತೇಗ ಹಾಳಾದದ್ದು ನಿಮ್ಮಲ್ಲೇ.

ಪೆರ್ಲ: ಶೀಲ್ಡ್ ಕೇಬಲ್ ಹಾಕಿ, ಒಂದು ತುದಿಗೆ ಅರ್ತ್ ಕೊಟ್ಟು ಸರಿ ಮಾಡಿದ್ದೇವೆ ಆಗ್ಲೇ. ನೀವು ಆ ದಿನದ ಎರಡು ಗಂಟೆ ಬಾಡಿಗೆ ಬಾಕಿ ಇಟ್ಟದ್ದು ಪುಸ್ತಕದಲ್ಲಿ ಉಂಟು, 700 ರೂಪಾಯಿ.

ಮುಳ್ಳೇರಿಯಾ: ತೇಗದ ಹಲಗೆಗೆ 9,000 ಕೊಡಿ, 700 ಹಿಡ್ಕೊಳ್ಳಿ.