ಜರ್ಮನಿಯಲ್ಲಿ ಮಗುವಿನ ಕಿವಿ ನೋವಿಗೆ ಮನೆಮದ್ದು: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಇಲ್ಲಿಗೆ ಬಂದು ಆರು ತಿಂಗಳು. ಮೂರು ವರ್ಷದ ಮಗನಿಗೆ ಪದೇ ಪದೇ ಕಿವಿ ನೋವು. ಪಕ್ಕದ ಮನೆಯವರು ಈರುಳ್ಳಿ ಕಟ್ಟಿ ಅನ್ನುತ್ತಾರೆ, ಅಪೊಥೆಕೆಯಲ್ಲಿ, ಅಂದರೆ ಇಲ್ಲಿನ ಔಷಧಿ ಅಂಗಡಿಯಲ್ಲಿ, ಗ್ಲೋಬುಲಿ ಅಂತ ಸಕ್ಕರೆ ಗುಳಿಗೆ ಕೊಟ್ಟರು, ಗೆಳತಿ ಹೈಲ್‌ಪ್ರಾಕ್ಟಿಕರ್ ಅನ್ನುವ ಬದಲಿ ಚಿಕಿತ್ಸೆಯವರ ಹತ್ತಿರ ಹೋಗು ಅನ್ನುತ್ತಾಳೆ. ಏನು ಮಾಡಲಿ?

ಮ್ಯೂನಿಕ್‌ನಿಂದ: ಈರುಳ್ಳಿ ಕಟ್ಟು ನಾನೂ ಮಾಡಿದ್ದೇನೆ. ಸಣ್ಣಗೆ ಹೆಚ್ಚಿ, ತೆಳು ಬಟ್ಟೆಯಲ್ಲಿ ಗಂಟು ಹಾಕಿ, ಕುದಿಯುವ ಪಾತ್ರೆಯ ಮುಚ್ಚಳದ ಮೇಲಿಟ್ಟು ಬೆಚ್ಚಗೆ ಮಾಡಿ, ಮೊದಲು ನನ್ನ ಕೈಗೇ ಇಟ್ಟು ನೋಡಿ, ಆಮೇಲೆ ಮಗಳ ಕಿವಿ ಮೇಲಿಟ್ಟು ಉಣ್ಣೆ ಟೋಪಿ ಹಾಕಿದೆ. ನಮ್ಮಜ್ಜಿ ಕೊಡುತ್ತಿದ್ದ ಉಪ್ಪಿನ ಶಾಖದ ಹಾಗೇ. ಅವಳಿಗೆ ಹಾಯೆನಿಸಿ ನಿದ್ದೆ ಬಂತು. ನೋವು ಇಳಿಯಿತು, ಕಿವಿಯೂ ವಾಸಿಯಾಯಿತು ಅಂದುಕೊಂಡು ಎರಡು ದಿನ ಡಾಕ್ಟರ್ ಹತ್ತಿರ ಹೋಗಲಿಲ್ಲ, ತಪ್ಪು ಅಲ್ಲೇ ಆಗಿದ್ದು. ಮೂರನೇ ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ. ಕಿವಿ ಸೋರಿತ್ತು, ತಮಟೆ ತೂತಾಗಿತ್ತು. ಆ ಕಲೆ ನೋಡಿದ ಸಂಕಟ ಇನ್ನೂ ಹೋಗಿಲ್ಲ. ಶಾಖ ಕೊಡಿ, ಆದರೆ ಡಾಕ್ಟರಿಗೂ ತೋರಿಸಿ. ನಮ್ಮ ಕಡೆಯ ಬೆಳ್ಳುಳ್ಳಿ ಎಣ್ಣೆ ಮಾತ್ರ ಕಿವಿಗೆ ಬಿಡಲೇಬೇಡಿ.

ಗ್ಲೋಬುಲಿ ಅಂದರೆ ಹೋಮಿಯೋಪತಿ. ಅದನ್ನು ಶುರುಮಾಡಿದ ಹಾನೆಮಾನ್ 1755ರಲ್ಲಿ ಇಲ್ಲಿನ ಮೈಸೆನ್‌ನಲ್ಲೇ ಹುಟ್ಟಿದವರು. ಡಬ್ಬಿ ಮೇಲೆ ಸಿ30 ಅಂತಿದ್ದರೆ, ಒಂದು ಪಾಲಿಗೆ 99 ಪಾಲು ನೀರೋ ಆಲ್ಕೋಹಾಲೋ ಬೆರೆಸುವುದನ್ನು 30 ಸಲ ಮಾಡಿದ್ದಾರೆ ಅಂತ ಅರ್ಥ. ಮೂಲ ವಸ್ತು ಒಂದು ಅಣುವೂ ಉಳಿದಿರುವುದಿಲ್ಲ. ಅಪೊಥೆಕೆಯಲ್ಲಿ ಮಾತ್ರ ಮಾರಬೇಕು ಅನ್ನುವ ಕಾನೂನಿದೆ, ಅದಕ್ಕೇ ನಮಗೆ ಅದು ಔಷಧಿ ಅನ್ನಿಸಿಬಿಡುತ್ತದೆ, ಅಲ್ವಾ?

ಸ್ಟುಟ್‌ಗಾರ್ಟ್‌ನಿಂದ: ಹೈಲ್‌ಪ್ರಾಕ್ಟಿಕರ್ ಡಾಕ್ಟರ್ ಅಲ್ಲ, ಇದು ನನಗೆ ತಡವಾಗಿ ಗೊತ್ತಾಯಿತು. 1939ರ ಕಾನೂನಿನಡಿ ಅವರಿಗೆ ಅನುಮತಿ ಸಿಗುತ್ತದೆ. 25 ವರ್ಷ ತುಂಬಿರಬೇಕು, ಆರೋಗ್ಯ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಮೆಡಿಕಲ್ ಕಾಲೇಜು ಓದಿರಲೇಬೇಕು ಅಂತೇನಿಲ್ಲ. ಆಂಟಿಬಯಾಟಿಕ್ ಬರೆದುಕೊಡಲು ಅವರಿಗೆ ಅಧಿಕಾರವಿಲ್ಲ. ನನ್ನ ತಲೆನೋವಿಗೆ ಹೋಗಿದ್ದೆ, ಒಂದು ಗಂಟೆ ಕೂತು ಎಲ್ಲಾ ಕೇಳಿಸಿಕೊಂಡರು. ಪರದೇಶದಲ್ಲಿ ಅಷ್ಟು ಕೇಳಿಸಿಕೊಳ್ಳುವವರು ಸಿಕ್ಕಿದ್ದೇ ಸಮಾಧಾನವಾಯಿತು, ಅದನ್ನು ನಾನು ಕೀಳಾಗಿ ನೋಡುವುದಿಲ್ಲ. ದುಡ್ಡು ಮಾತ್ರ ಕೈಯಿಂದಲೇ ಹೋಯಿತು. ಆದರೆ ಮಗುವಿನ ಕಿವಿಗೆ ಮಕ್ಕಳ ಡಾಕ್ಟರೇ ಬೇಕು. ರಾತ್ರಿ, ವಾರಾಂತ್ಯದಲ್ಲಿ ಡಾಕ್ಟರ್ ಸೇವೆಯ ನಂಬರ್ 116117ಕ್ಕೆ ಫೋನ್ ಮಾಡಿ. ಕಿವಿ ಹಿಂದೆ ಊದಿಕೊಂಡಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ನೇರ ತುರ್ತು ನಂಬರ್ 112.